ಸಹಾಯಮೇರಿ ಕೊಯ್ದ ಎರಡನೇ ಕಲ್ಲು

ಚರ್ಚಿನ ಬೆಳಗಿನ ಗಂಟೆ ಈಗಷ್ಟೇ ನಿಂತಿದೆ. ರಾಜೀವನಗರದ ತಗಡಿನ ಶೆಡ್ಡಿನಲ್ಲಿ ಸಹಾಯಮೇರಿ ಕಲ್ಲು ಕೊಯ್ಯುವ ಚಕ್ರಕ್ಕೆ ನೀರು ಬಿಟ್ಟು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಮುಂದಿರುವುದು ತೆಂಗಿನಕಾಯಿ ಗಾತ್ರದ, ಯಾರೂ ತಿರುಗಿ ನೋಡದಂಥ ಬೂದು ಕಲ್ಲು. ಅದನ್ನು ಕಿವಿಗೆ ಹಿಡಿದು ಬೆರಳಿನಿಂದ ತಟ್ಟುತ್ತಾರೆ.

“ಟೊಳ್ಳಿದ್ದಂಗೆ ಕೇಳ್ತದೆ. ಆದ್ರೂ ಕೊಯ್ಯೋವರ್ಗೂ ನಂಬಂಗಿಲ್ಲ ಕಣ್ರೀ.”

ಇಂದು ಅವರಿಗೆ ಭಯವಿದೆ. ಇದರ ಜೋಡಿ ಕಲ್ಲನ್ನು ಹೋದ ವರ್ಷ ಹಾಳುಮಾಡಿದ್ದು ಅವರೇ. ಎರಡನ್ನೂ ಕಾಲೇಜಿನ ಮಕ್ಕಳಿಗೆ ತೋರಿಸಲೆಂದು ತಂದವರು ಭೂವಿಜ್ಞಾನದ ಮೇಡಂ ಭವ್ಯಶ್ರೀ. ಕುವೆಂಪುನಗರದಿಂದ ಸ್ಕೂಟರಿನಲ್ಲಿ ಬಂದ ಅವರು ಈಗ ಸ್ಟೂಲಿನ ತುದಿಯಲ್ಲಿ ಕೂತಿದ್ದಾರೆ. ಮೂರನೆಯ ಕಲ್ಲು ಅವರ ಬಳಿ ಇಲ್ಲ.

ಅಪ್ಪ ಅಮಲರಾಜ್ ಅವರಿಂದ ಸಹಾಯಮೇರಿಗೆ ಬಂದ ಕಸುಬಿದು. ಅಂಗಡಿಗಳ ಷೋಕೇಸಿಗೆ ಹೋಗುವ ಹರಳುಗಲ್ಲು ಕೊಯ್ದು, ಕೆಂಪು ಕಲೆ ಹೋಗಲೆಂದು ಆಸಿಡ್ಡಿನಲ್ಲಿ ಅದ್ದುವುದು ಮನೆತನದ ಪದ್ಧತಿ. ಅವು ಲಾವಾ ಕಲ್ಲಿನವು, ಒಳಗಿನ ಹರಳು ಆಸಿಡ್ಡಿಗೆ ಜಗ್ಗುವುದಿಲ್ಲ. ಮೇಡಂ ತಂದ ಜಿಯೋಡ್, ಅಂದರೆ ಒಳಗೆ ಹರಳು ಕಟ್ಟಿದ ಟೊಳ್ಳು ಉಂಡೆ, ಸುಣ್ಣದಕಲ್ಲಿನಲ್ಲಿ ಹುಟ್ಟಿದ್ದು. ಹೋದ ವರ್ಷ ಅದನ್ನೂ ಹಾಗೆಯೇ ಆಸಿಡ್ಡಿಗೆ ಅದ್ದಿದರು.

“ಬುರುಬುರು ನೊರೆ ಬಂತು. ಕೊಳೆ ಬುಡ್ತಾ ಅದೆ ಅನ್ಕೊಂಡೆ. ತೆಗ್ದು ನೋಡಿದ್ರೆ ಹರಳೇ ಇಲ್ಲ!”

ಆಮೇಲೆ ಮೇಡಂ ವಿವರಿಸಿದರು. ಸುಣ್ಣದಕಲ್ಲು ಪದರ ಪದರವಾಗಿ ಕೂಡುವಾಗ ಒಳಗೆ ಸಿಕ್ಕಿಕೊಂಡ ಚಿಪ್ಪೋ ಗಂಟೋ ಕರಗಿಹೋಗಿ ಟೊಳ್ಳು ಉಳಿಯುತ್ತದೆ. ಖನಿಜ ಕರಗಿದ ನೀರು ಅದರೊಳಗೆ ಜಿನುಗುತ್ತದೆ. ಮೊದಲು ಗೋಡೆಗೆ ಗಟ್ಟಿ ಸಿಲಿಕಾ ಕಟ್ಟುತ್ತದೆ, ಅದರ ಮೇಲೆ ಸುಣ್ಣದ ಹರಳುಗಳು ಒಳಮುಖವಾಗಿ ಬೆಳೆಯುತ್ತವೆ. ಇದಕ್ಕೆಲ್ಲ ಎಷ್ಟೋ ಲಕ್ಷ ವರ್ಷ ಬೇಕು. ಸುತ್ತಲಿನ ಸುಣ್ಣದಕಲ್ಲು ಸವೆದ ಮೇಲೂ ಈ ಗಟ್ಟಿ ಉಂಡೆ ಉಳಿಯುತ್ತದೆ.

“ನಮ್ಮ ನೀರೊಲೆ ಹಂಡೇಲಿ ಬಿಳೀದು ಕಟ್ತದಲ್ಲ, ಅಂಗೇ! ಅದನ್ನ ಆಸಿಡ್ ತಿನ್ನೋದು ಗೊತ್ತಿತ್ತು. ಕಲ್ಲೊಳ್ಗೆ ಇರೋದೂ ಅದರ ಜಾತಿನೇ ಅಂತ ಹೊಳೀಲೇ ಇಲ್ಲ.”

ಮತ್ತೆ ಇವರ ಹತ್ತಿರವೇ ಏಕೆ ಬಂದಿರಿ ಎಂದರೆ ಭವ್ಯಶ್ರೀ ನಗುತ್ತಾರೆ. “ಸುಣ್ಣದಕಲ್ಲಿಂದು ಅಂತ ನಾನೂ ಮೊದ್ಲೇ ಹೇಳಿರ್ಲಿಲ್ಲ. ಇಬ್ರೂ ಒಟ್ಟಿಗೆ ಕಲಿತ್ವಿ.”

ಚಕ್ರ ಕಿರುಚುತ್ತದೆ, ಬಿಳಿ ಕೆಸರು ಚಿಮ್ಮುತ್ತದೆ. ಕೊನೆಗೆ ಸದ್ದು ಸಡಿಲಾಗಿ ಕಲ್ಲು ಎರಡು ಹೋಳಾಗುತ್ತದೆ. ಸಹಾಯಮೇರಿ ಬರೀ ನೀರಿನಲ್ಲಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಮಗುವಿನ ತಲೆ ತೊಳೆದಂತೆ ತೊಳೆಯುತ್ತಾರೆ. ಒಳಗೆ ಜೇನುಬಣ್ಣದ ಹರಳುಗಳು ಕಿಕ್ಕಿರಿದಿವೆ.

ಕಾಲೇಜಿನ ಗಾಜಿನ ಕಪಾಟಿನಲ್ಲಿ ಇದರ ಕೆಳಗೆ ನಿಮ್ಮ ಹೆಸರು ಬರೆಯುತ್ತೇನೆ ಎನ್ನುತ್ತಾರೆ ಮೇಡಂ. ಸಹಾಯಮೇರಿ ಎದ್ದುಹೋಗಿ, ಮೂಲೆಯ ಡಬ್ಬಿಯಿಂದ ಹೋದ ವರ್ಷದ ಬೋಳು ಹೋಳುಗಳನ್ನು ತಂದು ಪಕ್ಕದಲ್ಲಿಡುತ್ತಾರೆ.

“ಇವನ್ನೂ ಇಡಿ ಮೇಡಂ, ಮಕ್ಳು ಎರಡನ್ನೂ ನೋಡ್ಲಿ. ಆ ಹರಳು ಬೆಳೆಸಿದ್ದು ನಾನಲ್ಲ. ಹೆಸರು ಬರೀಲೇಬೇಕು ಅಂದ್ರೆ ಈ ಬೋಳು ಕಲ್ಲಿನ ಕೆಳಗೆ ಬರೀರಿ, ಇದು ನಾನೇ ಮಾಡಿದ್ದು.”