ಸೋಮ್‌ಪಾಲನ ಗಿರಣಿಗೆ ನಮ್ಮವರು ಮಾಡಿದ ಸಹಾಯ

ನಮ್ಮವರು ತಿಪ್ಪೇಸ್ವಾಮಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಫೈಲು ನೋಡಿ ನಿವೃತ್ತರಾದವರು. ಹುಟ್ಟಿದ್ದು ಹಿರಿಯೂರಿನ ಕಡೆ. ಘಾಜಿಯಾಬಾದಿನ ಈ ಫ್ಲಾಟಿಗೆ ಬಂದು ಇಪ್ಪತ್ತು ವರ್ಷವಾದರೂ ಅವರ ಹೊಟ್ಟೆ ಮಾತ್ರ ಇನ್ನೂ ವರ್ಗಾವಣೆಯನ್ನು ಒಪ್ಪಿಕೊಂಡಿಲ್ಲ. ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಸಂಜೆಯವರೆಗೆ ಯಾರ ಮೇಲಾದರೂ ಕೆಂಡ ಕಾರಲೇಬೇಕು. ಮನೆಯಲ್ಲಿರುವುದು ನಾನೊಬ್ಬಳೇ.

ಪೊಟ್ಟಣದ ರಾಗಿ ಹಿಟ್ಟು ಅವರಿಗೆ ಆಗದು. "ಅದು ಮುಖಕ್ಕೆ ಹಚ್ಕೊಳ್ಳೋ ಪೌಡರು ಕಣೆ ಶೈಲಜಾ" ಎನ್ನುತ್ತಾರೆ. ಊರಿಂದ ರೈಲಿನಲ್ಲಿ ಬರುವ ರಾಗಿಯನ್ನು ಬೀಸಿಕೊಡಲು ಈ ಬಡಾವಣೆಯಲ್ಲಿ ಒಪ್ಪಿದವನು ಸೋಮ್‌ಪಾಲ್ ಒಬ್ಬನೇ. ರಾಗಿಯ ಹಿಂದೆಯೇ ಗೋಧಿ ಹಾಕಿದರೆ ಗೋಧಿ ಹಿಟ್ಟು ಕಪ್ಪಾಗುತ್ತದೆ. ಕಲ್ಲು ಬಿಚ್ಚಿ ಒರೆಸಬೇಕು. ಉಳಿದ ಗಿರಣಿಯವರು ರಾಗಿ ಕಂಡರೆ ಕೈಮುಗಿದು ಕಳಿಸುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಸೋಮ್‌ಪಾಲ್ ಸುದ್ದಿ ಹೇಳಿದ. ಕರೆಂಟಿನ ದರ ಏರಿತು, ಬಾಡಿಗೆ ಏರಿತು, ಜನ ಹಿಟ್ಟನ್ನು ಫೋನಿನಲ್ಲೇ ತರಿಸಿಕೊಳ್ಳುತ್ತಾರೆ. ಹೋಳಿ ಮುಗಿದ ಮೇಲೆ ಗಿರಣಿ ಮುಚ್ಚಿ ಊರಿಗೆ ಹೋಗುವುದೇ. ನಮ್ಮವರು ಆ ದಿನ ಊಟ ಬಿಟ್ಟರು. ಸೋಮ್‌ಪಾಲನ ಮೇಲಿನ ಪ್ರೀತಿಗೋ ಮುದ್ದೆಯ ಮೇಲಿನ ಪ್ರೀತಿಗೋ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಮೊದಲು ಅವರು ಗಿರಣಿಯ ಖರ್ಚು ತಗ್ಗಿಸುವ ಬಗ್ಗೆ ಹನ್ನೊಂದು ಅಂಶಗಳ ಟಿಪ್ಪಣಿ ಬರೆದರು. ಒಂದನೆಯ ಅಂಶ, ಹಗಲಿನಲ್ಲಿ ದೀಪ ಆರಿಸತಕ್ಕದ್ದು. ಗಿರಣಿಯಲ್ಲಿದ್ದದ್ದು ಒಂದೇ ದೀಪ, ಅದೂ ಕೆಟ್ಟು ಎರಡು ತಿಂಗಳಾಗಿತ್ತು. ಸೋಮ್‌ಪಾಲ್ ಟಿಪ್ಪಣಿಯನ್ನು ಮಡಚಿ ಗೋಡೆಯ ಹನುಮಂತನ ಪಟದ ಹಿಂದೆ ಭಕ್ತಿಯಿಂದ ಇಟ್ಟುಕೊಂಡ.

ಆಮೇಲೆ ಹೊಳೆದದ್ದೇ ಮಹಾ ಉಪಾಯ. ನಮ್ಮ ಫ್ಲಾಟುಗಳ ಸೊಸೈಟಿಯ ಜನರಿಗೆಲ್ಲ ಮುದ್ದೆಯ ರುಚಿ ಹತ್ತಿಸುವುದು, ಎಲ್ಲರೂ ರಾಗಿ ಬೀಸಿಸುವುದು, ಗಿರಣಿ ಉಳಿಯುವುದು. ಉಪಾಯ ಅವರದು, ತೊಳಸುವ ತೋಳು ನನ್ನದು. ಭಾನುವಾರ ಸೊಸೈಟಿಯ ಸಭಾಂಗಣದಲ್ಲಿ ಇಪ್ಪತ್ತೈದು ಜನಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಸೋಮ್‌ಪಾಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಖ್ಯ ಅತಿಥಿಯಾಗಿ ಕುಳಿತಿದ್ದ. ನಮ್ಮವರು ತಮ್ಮ ಕಚೇರಿ ಹಿಂದಿಯಲ್ಲಿ ಮಾಡಿದ ಭಾಷಣದ ಸಾರ ಇಷ್ಟೇ: ಅಗಿಯಬಾರದು, ನುಂಗಬೇಕು.

ಚಪಾತಿ ಅಗಿದು ಬೆಳೆದವರಿಗೆ ನುಂಗು ಎಂದರೆ ಆಗುತ್ತದೆಯೇ? ನಿವೃತ್ತ ಬ್ಯಾಂಕ್ ಮ್ಯಾನೇಜರ್ ಖುರಾನಾ ಶಾಸ್ತ್ರೋಕ್ತವಾಗಿ ಅಗಿದರು. ಮೇಲಿನ ದವಡೆ ಕೆಳಗಿನ ದವಡೆಗೆ ಅಂಟಿಕೊಂಡು, ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಮನುಷ್ಯ ಐದು ನಿಮಿಷ ಸುಮ್ಮನಿದ್ದರು. ಎದುರು ಮನೆಯ ತ್ಯಾಗಿ ಮೇಡಂ ಮಾತು ಕೇಳಿ ನುಂಗಿದರು, ಆದರೆ ನಿಂಬೆಹಣ್ಣಿನ ಗಾತ್ರದ್ದನ್ನು. ಮೂರು ಜನ ಬೆನ್ನು ಗುದ್ದಿದ ಮೇಲೆ ಅವರ ಕಣ್ಣು ಸ್ವಸ್ಥಾನಕ್ಕೆ ಬಂದವು. ಸಂಜೆಯ ಹೊತ್ತಿಗೆ ಸೊಸೈಟಿಯ ವಾಟ್ಸಾಪಿನಲ್ಲಿ ನಮ್ಮ ಮುದ್ದೆ ಕ್ರಿಕೆಟ್ ಚೆಂಡಾಗಿ ಓಡಾಡುತ್ತಿತ್ತು.

ಆ ಮಧ್ಯಾಹ್ನವೇ ಸೋಮ್‌ಪಾಲ್ ಖಾಲಿಯಾಗದ ಪಾತ್ರೆಯನ್ನು ಹೊತ್ತು ನಮ್ಮ ಅಡುಗೆಮನೆಗೆ ತಂದಿಟ್ಟ. ಅಲ್ಲಿ, ಒಲೆಯ ಪಕ್ಕದಲ್ಲೇ, ಹತ್ತು ಕಿಲೋದ ಪ್ಯಾಕೆಟ್ ಗೋಧಿ ಹಿಟ್ಟು ನಿಂತಿತ್ತು. ರಾತ್ರಿಯ ಚಪಾತಿಗೆಂದು ಫೋನಿನಲ್ಲಿ ತರಿಸುತ್ತಿದ್ದವಳು ನಾನೇ. ಅವನು ಪ್ಯಾಕೆಟ್ಟನ್ನು ನೋಡಿದ.

"ಬಾಬೂಜಿ, ಇದರ ಚಪಾತಿ ಮೆತ್ತಗಾಗುತ್ತಾ?" ಎಂದು ನಮ್ಮವರನ್ನು ಕೇಳಿದ. ಕುಹಕವಿರಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ತಿಂಗಳಿಗೆ ಐದು ಕಿಲೋ ರಾಗಿ ಬೀಸಿಸಿ ಅವನನ್ನು ಸಾಕುತ್ತಿದ್ದೇವೆಂದು ನಾವು ತಿಳಿದಿದ್ದೆವು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಮ್ಮವರಂತೂ ಅವನಿಗೆ ನೀರು ಕೊಡುವುದನ್ನೂ ಮರೆತರು.

ಮರುದಿನ ಬೆಳಿಗ್ಗೆ ನಮ್ಮವರು ಮಂಡಿಯಿಂದ ನಮ್ಮ ಚಪಾತಿಗೆಂದು ಗೋಧಿ ಮೂಟೆ ತಂದು ಗಿರಣಿಯಲ್ಲಿಟ್ಟು, ಮುದ್ದೆ ಉಂಡ ಮನೆಗಳ ಬಾಗಿಲನ್ನೆಲ್ಲ ತಟ್ಟಿದರು. ಈ ಸಲ ಭಾಷಣವಿಲ್ಲ. "ಪ್ಯಾಕೆಟ್ ಬಿಡಿ, ಗೋಧಿ ತಂದು ಸೋಮ್‌ಪಾಲನ ಹತ್ತಿರ ಬೀಸಿಸಿ. ಅವನು ಹೋದರೆ ಮತ್ತೆ ಬರುವುದಿಲ್ಲ" ಎಂದರು. ಖುರಾನಾ ಹಿಂದೆಮುಂದೆ ನೋಡಿದಾಗ, "ಅಚ್ಛಾ, ಹಾಗಾದರೆ ಮುಂದಿನ ಭಾನುವಾರ ಇನ್ನೊಂದು ಸಲ ಮುದ್ದೆ ಇಟ್ಟುಕೊಳ್ಳೋಣ" ಎಂದರಂತೆ. ಖುರಾನಾ ಒಳಗೆ ಓಡಿ ಗೋಧಿ ತುಂಬಲು ಡಬ್ಬ ತಂದರು. ಹೋಳಿಯ ಹೊತ್ತಿಗೆ ನಮ್ಮ ಸೊಸೈಟಿಯಿಂದಲೇ ನಲವತ್ತು ಡಬ್ಬಗಳು ಹೋಗತೊಡಗಿದವು. ಬಿಸಿ ಹಿಟ್ಟಿನ ಚಪಾತಿ ತಿಂದವರು ತಾವಾಗಿಯೇ ಪಕ್ಕದ ಸೊಸೈಟಿಯವರಿಗೂ ಹೇಳಿದರು.

ಏಪ್ರಿಲ್ಲಿನ ಒಂದು ಭಾನುವಾರ ನಮ್ಮವರು ರಾಗಿ ಚೀಲ ಹಿಡಿದು ಹೋದವರು ಅದನ್ನು ಹಾಗೆಯೇ ವಾಪಸು ತಂದರು.

"ಬೇಡ ಅನ್ನಿಸ್ತು" ಎಂದರು. "ವಯಸ್ಸಾಯ್ತು, ಮುದ್ದೆ ಅರಗಲ್ಲ. ಚಪಾತಿನೇ ಹಾಕು."

ನಾನು ನಂಬಲಿಲ್ಲ. ಚಪ್ಪಲಿ ಮೆಟ್ಟಿ ಸೀದಾ ಗಿರಣಿಗೆ ಹೋದೆ. ಬಾಗಿಲವರೆಗೆ ಡಬ್ಬಗಳ ಸಾಲು. ಸೋಮ್‌ಪಾಲ್ ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ಹೊರಬಂದ.

"ಬಾಬೂಜಿಗಾಗಿ ಕಲ್ಲು ನಿಲ್ಲಿಸಿದ್ದೆ ಬೆಹೆನ್‌ಜಿ, ಬಿಚ್ಚೋದಕ್ಕೂ ಕೂತಿದ್ದೆ. ಈ ಸಾಲಿನವರೆಲ್ಲ ಎಷ್ಟು ಹೊತ್ತು ಕಾಯಬೇಕು ಅಂತ ಬಾಬೂಜಿ ಕೇಳಿದರು. ಒಂದು ಗಂಟೆ ಅಂದೆ. ಚೀಲ ಎತ್ತಿಕೊಂಡು ಹೋಗೇಬಿಟ್ಟರು."

ಮನೆಗೆ ಬಂದು ಚಪಾತಿ ಬಡಿಸಿದೆ. ಎರಡು ತುತ್ತಿಗೆ ಮುಖ ಕಿವುಚಿ ಸಾರಿಗೆ ಉಪ್ಪು ಜಾಸ್ತಿ ಎಂದು ನನ್ನ ಮೇಲೆ ರೇಗಿದರು. ಉಪ್ಪು ಸರಿಯಾಗಿಯೇ ಇತ್ತು. ಮದುವೆಯಾದಂದಿನಿಂದ ಮೊದಲ ಬಾರಿಗೆ ನಾನು ಎದುರು ಮಾತಾಡಲಿಲ್ಲ. ಇನ್ನೊಂದು ಚಪಾತಿಗೆ ತುಪ್ಪ ಸವರಿ ತಟ್ಟೆಗೆ ಹಾಕಿದೆ.