ಕಾಲುವೆ ಒಡ್ಡಿನ ಲೆಕ್ಕ ಮತ್ತು ನನ್ನ ಸುಳ್ಳು

ಎಂಬತ್ತರ ದಶಕದ ನಡುವಿನ ಮಾತು. ಮಾನ್ವಿ ಹತ್ತಿರ ಒಂದು ಉಪಕಾಲುವೆಯ ಕೆಲಸ ನಡೆದಿತ್ತು. ಹೈದರಾಬಾದಿನಲ್ಲಿ ಮೇಲಿನ ಓದು ಮುಗಿಸಿ ನಾನು ಅಲ್ಲಿಗೆ ಕಿರಿಯ ಎಂಜಿನಿಯರ್ ಆಗಿ ಬಂದಿದ್ದೆ. ಕಂಪ್ಯೂಟರಿನಿಂದ ಲೆಕ್ಕ ಮಾಡಿಸಬಲ್ಲವನು ಇಲ್ಲಿ ನಾನೊಬ್ಬನೇ ಎಂಬ ಸೊಕ್ಕು ನನ್ನ ನಡಿಗೆಯಲ್ಲೇ ಇತ್ತು.

ಕಾಲುವೆಯ ಒಡ್ಡು ನೀರಿನ ಒತ್ತಡಕ್ಕೆ ನಿಂತೀತೇ ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮೈಲುಗಟ್ಟಲೆ ಉದ್ದದ ಒಡ್ಡನ್ನು ಇಡಿಯಾಗಿ ಲೆಕ್ಕಕ್ಕೆ ತರಲು ಆಗುವುದಿಲ್ಲ. ಅದು ಉದ್ದಕ್ಕೂ ಒಂದೇ ಥರ ಇದೆ, ಮಣ್ಣು ಉದ್ದದ ದಿಕ್ಕಿಗೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದು ಹಿಡಿದುಕೊಂಡು ಕಾಗದದ ಮೇಲೆ ಅಡ್ಡಕ್ಕೆ ಒಂದೇ ಒಂದು ಹೋಳು ಕತ್ತರಿಸಬೇಕು. ಇದಕ್ಕೆ ಪ್ಲೇನ್ ಸ್ಟ್ರೇನ್ ಅನ್ನುತ್ತಾರೆ. ಆ ಹೋಳನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಹಂಚಿದರೆ, ಒಂದೊಂದು ಮೂಲೆ ಎಷ್ಟು ಸರಿಯುತ್ತದೆಂದು ಕಂಪ್ಯೂಟರ್ ಹೇಳುತ್ತದೆ. ಆಗ ಲೆಕ್ಕವನ್ನು ಕಂಪ್ಯೂಟರಿಗೆ ಕೊಡುತ್ತಿದ್ದದ್ದು ತೂತು ಹೊಡೆದ ಕಾರ್ಡುಗಳಲ್ಲಿ; ಅವುಗಳ ಕಟ್ಟು ಹೊತ್ತು ಹೈದರಾಬಾದಿನ ನನ್ನ ಕಾಲೇಜಿಗೆ ಎರಡು ಸಲ ಹೋಗಿಬಂದೆ. ಒಡ್ಡು ಗಟ್ಟಿ ಅಂತ ಬಂತು.

ಮಣ್ಣು ಹೊರುವ ಗುಂಪಿಗೆ ದೇವದುರ್ಗದ ಕಡೆಯ ಒಬ್ಬ ಹಿರಿಯ ಹೆಂಗಸು ಮುಂದಾಳು. ಒಂದು ದಿನ ಬುಟ್ಟಿ ಇಳಿಸಿ ನನ್ನ ಹತ್ತಿರ ಬಂದಳು.

"ಸಾಹೇಬ್ರ, ಇಲ್ಲಿ ಮೊದಲ ಊರಿತ್ರಿ, ನಮ್ಮವ್ವನ ತವರುಮನಿ. ನೆಲದಾಗ ಜೋಳ ತುಂಬೋ ಹಗೇವು ಅದಾವ. ಮ್ಯಾಲ ಮಣ್ಣು ಮುಚ್ಚೇದ, ಒಳಗ ಪೊಳ್ಳು. ನೀರು ಬಿಟ್ರ ಕುಸೀತದ್ರಿ."

ನಾನು ಅಚ್ಚಾದ ಕಾಗದದ ಸುರುಳಿ ಬಿಚ್ಚಿ ಅವಳ ಮುಖದ ಮುಂದೆ ಹಿಡಿದೆ. "ಯವ್ವಾ, ಇದು ಕಂಪ್ಯೂಟರ್ ಹೇಳಿದ್ದು. ನಿನಗ ಅದಕ್ಕಿಂತ ಜಾಸ್ತಿ ಗೊತ್ತದೇನು?"

ಸುತ್ತ ನಿಂತವರು ನಕ್ಕರು. ನಗಲಿ ಎಂದೇ ಹಾಗೆ ಹೇಳಿದ್ದೆ. ಆಕೆ ಬುಟ್ಟಿ ತಲೆಗೇರಿಸಿಕೊಂಡು ಹೋದಳು.

ನೀರು ಬಿಟ್ಟ ಮೂರನೇ ದಿನ ಬೆಳಿಗ್ಗೆ ಒಡ್ಡು ಆಕೆ ಹೇಳಿದ ಜಾಗದಲ್ಲೇ ಕುಸಿದು ಒಡೆಯಿತು. ಕೆಳಗೇ ಆ ಗುಂಪಿನವರ ಗುಡಿಸಲುಗಳು. ಓಡುವಾಗ ಆಕೆಯ ಸೊಸೆ ಬಿದ್ದಳು, ಕೊಚ್ಚಿಬಂದ ಕಲ್ಲು ಬಡಿದು ಕಾಲು ಮುರಿಯಿತು. ಟ್ರ್ಯಾಕ್ಟರಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಸಾಗಿಸುವಾಗ ಆಕೆ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಹಿಂದೆ ಜೀಪಿನಲ್ಲಿದ್ದೆ. ನೀರು ಇಳಿದ ಮೇಲೆ ನೋಡಿದವರು ಎರಡು ಹಗೇವಿನ ಬಾಯಿ ಕಂಡವು ಎಂದರು.

ವಾರದೊಳಗೆ ಮಾನ್ವಿಯ ಸರ್ಕಾರಿ ಬಂಗಲೆ ಐಬಿಯಲ್ಲಿ ವಿಚಾರಣೆ. ರಾಯಚೂರಿನಿಂದ ಬಂದ ನಮ್ಮ ಇಲಾಖೆಯ ದೊಡ್ಡ ಸಾಹೇಬರು ನನ್ನನ್ನು ಕೇಳಿದರು: "ಹಗೇವು ಅದಾವ ಅಂತ ಯಾರರೆ ಮೊದಲ ಹೇಳಿದ್ರೇನು?"

"ಇಲ್ರಿ ಸರ್," ಅಂದೆ. ಯೋಚಿಸಲೂ ಇಲ್ಲ, ನಾಲಿಗೆ ತಾನೇ ಹೊರಳಿತು.

ಆಕೆ ಬಾಗಿಲಲ್ಲೇ ನಿಂತಿದ್ದಳು. ಹೇಳಿಕೆ ಕೊಡಲು ಕರೆಸಿದ್ದರು. ಸಾಹೇಬರು ಅದನ್ನೇ ಅವಳನ್ನೂ ಕೇಳಿದರು.

ಆಕೆ ನನ್ನ ಕಡೆ ಒಮ್ಮೆ ನೋಡಿದಳು. "ನಾ ಹೇಳಿದ್ದೆರಿ. ಸಾಹೇಬ್ರಿಗೆ ಕೇಳಿಸಿರಲಿಕ್ಕಿಲ್ಲ. ಕೆಲಸದ ಗದ್ದಲಿತ್ತು."

ನಾನು ತಲೆಯಾಡಿಸಿದೆ. ಹೌದು, ಗದ್ದಲವಿತ್ತು ಎಂಬಂತೆ. ಮೊದಲನೆಯ ಸುಳ್ಳನ್ನು ಹೆದರಿ ಹೇಳಿದ್ದೆ ಅನ್ನಬಹುದು. ಹೀಗೆ ತಲೆಯಾಡಿಸಿದ್ದಕ್ಕೆ ಆ ನೆಪವೂ ಇಲ್ಲ. ವರದಿಯಲ್ಲಿ ಯಾರ ತಪ್ಪೂ ಇಲ್ಲ ಎಂದು ಬಂತು. ಪೊಳ್ಳು ಸೇರಿಸಿ ಹೊಸ ಲೆಕ್ಕ ಮಾಡಿಕೊಟ್ಟದ್ದಕ್ಕೆ ನನ್ನನ್ನು ಹೊಗಳಿದರು.

ಮಳೆಗಾಲ ಕಳೆದ ಮೇಲೆ ದೇವದುರ್ಗಕ್ಕೆ ಹೋಗಿ ಆಕೆಯ ಮನೆ ಹುಡುಕಿದೆ. ಸೊಸೆ ಕೋಲೂರಿಕೊಂಡು ಅಂಗಳ ದಾಟುತ್ತಿದ್ದಳು. "ತಪ್ಪಾತವ್ವಾ, ನೀ ಹೇಳಿದ್ದು ನನಗ ಕೇಳಿಸಿತ್ತು," ಅಂದೆ.

"ಅದು ನನಗ ಗೊತ್ತದ್ರಿ," ಅಂದಳು. "ನನಗ ಹೇಳಿದ್ರ ಏನಾಗ್ತದ? ನಿಮ್ಮ ಆಫೀಸಿನಾಗ ಹೇಳ್ರಿ."

ಎಲ್ಲ ಬರೆದು ರಾಯಚೂರಿನಲ್ಲಿ ದೊಡ್ಡ ಸಾಹೇಬರ ಕೈಗೆ ಕೊಟ್ಟೆ. ಅವರು ಓದಿ, ಮಡಚಿ, ವಾಪಸು ಕೊಟ್ಟರು. "ಪ್ರಮೋಷನ್ ಬರೋದದ. ಸುಮ್ನಿರು."

ಸುಮ್ಮನಿದ್ದೆ. ಪ್ರಮೋಷನ್ ಬಂತು, ತೆಗೆದುಕೊಂಡೆ. ಆಮೇಲೆ ದೇವದುರ್ಗದ ಕಡೆ ಕೆಲಸ ಬಿದ್ದಾಗಲೆಲ್ಲ ಏನಾದರೊಂದು ನೆಪ ಹೇಳಿ ಬೇರೆಯವರನ್ನು ಕಳಿಸಿದೆ.