ಸಾಗುವಾನಿ ಎಲೆಯ ಹಾಸಿಗೆ

ಎಲೆ ಕಿವುಚಿ ಮೂಸಿ ನೋಡುವ ಅಭ್ಯಾಸದಿಂದ ನಮ್ಮ ಮೇಡಂ ಅವರ ಬಲ ಹೆಬ್ಬೆರಳಿನ ಉಗುರು ಸದಾ ಕಪ್ಪು ಹಸಿರಾಗಿರುತ್ತಿತ್ತು. ನಾಗಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಧಾರವಾಡದ ಕಡೆಯವರು, ಯಜಮಾನರು ರೈಲ್ವೆಯಲ್ಲಿ. ತರಗತಿಯಲ್ಲಿ ಇಂಗ್ಲಿಷ್, ಮರಾಠಿ. ಹೊರಗೆ ಕನ್ನಡದವಳಾದ ನಾನೊಬ್ಬಳೇ ಸಿಕ್ಕರೆ, "ಊಟಾತೇನವಾ?" ಎನ್ನುತ್ತಿದ್ದರು.

ತೊಂಬತ್ತರ ದಶಕದ ಒಂದು ಚಳಿಗಾಲ ನಮ್ಮನ್ನೆಲ್ಲ ಊರಾಚೆಯ ಕಾಡಿಗೆ ಕರೆದೊಯ್ದಿದ್ದರು. ಮರಳುವಾಗ ನಾನು ಹಿಂದುಳಿದೆ. ಕಲ್ಲಿನ ಸಂದಿಯಲ್ಲಿ ಕಾಲು ಉಳುಕಿತು. ಹುಡುಕಿಕೊಂಡು ಮೇಡಂ ಒಬ್ಬರೇ ಬಂದರು. ನನಗೆ ಹೆಗಲು ಕೊಟ್ಟು ನಡೆಸುತ್ತಿದ್ದವರು ಒಂದು ಹಳ್ಳದ ಬಳಿ ನಿಂತುಬಿಟ್ಟರು. ಬರುವಾಗ ಆ ಹಳ್ಳ ಸಿಕ್ಕಿರಲಿಲ್ಲ. ದಾರಿ ತಪ್ಪಿತ್ತು. ಬಿಸಿಲು ಇಳಿಯುತ್ತಿತ್ತು.

"ಜಲ್ದಿ ನಡೀರಿ ಮೇಡಂ, ಕತ್ತಲಾಗ್ತದ," ಎಂದು ಅತ್ತೆ.

"ಕುಂಡ್ರು. ಗಾಬರಿಯೊಳಗ ನಡದ್ರ ಇನ್ನೂ ಒಳಗ ಹೋಗ್ತೀವಿ."

ಹಸಿವಾಗಿದೆ ಎಂದೆ.

"ಒಂದ್ ರಾತ್ರಿ ಉಣದಿದ್ರ ಯಾರೂ ಸಾಯೂದಿಲ್ಲ. ಥಂಡಿಗೆ ಸಾಯ್ತಾರ. ಕೂತಲ್ಲೇ ಎಲಿ ಬಳದು ಕೂಡಿಸು."

ಬಂಡೆಯ ಮರೆಯಲ್ಲಿ ಒಣಗಿದ ಸಾಗುವಾನಿ ಎಲೆ ದಪ್ಪಗೆ ಹಾಸಿದರು. ಮುರಿದ ಕೊಂಬೆಗಳನ್ನು ಬಂಡೆಗೆ ಓರೆಯಾಗಿ ಆನಿಸಿ, ಮೇಲೂ ಎಲೆ ಸುರಿದರು. ತಮ್ಮ ಸ್ವೆಟರ್ ನನಗೆ ತೊಡಿಸಿದರು. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಆ ಎಲೆಗಳ ನಡುವೆ ನನಗೆ ನಿದ್ದೆಯೂ ಬಂತು.

ಬೆಳಗಾದ ಮೇಲೆ ತಮ್ಮ ಚೀಲದಲ್ಲಿದ್ದ ಖಾಲಿ ಊಟದ ಡಬ್ಬಿಗೆ ಕಲ್ಲಿನಿಂದ ಬಡಿಯತೊಡಗಿದರು. ನಡುನಡುವೆ ನಿಲ್ಲಿಸಿ ಕಿವಿಗೊಡುವರು, ಮತ್ತೆ ಬಡಿಯುವರು. ಕೊನೆಗೆ ಅರಣ್ಯ ಇಲಾಖೆಯವರು ಆ ಸದ್ದು ಹಿಡಿದು ಬಂದರು. "ಆಧಿ ಪೋರೀಲಾ ಘ್ಯಾ," ಎಂದರು ಮೇಡಂ, ಮೊದಲು ಹುಡುಗಿಯನ್ನು ಎತ್ತಿಕೊಳ್ಳಿ ಎಂದು. ಅವರ ತುಟಿ ನೀಲಿಗಟ್ಟಿತ್ತು.

ಹಲವು ವರ್ಷಗಳ ನಂತರ ಅವರು ಕಾಯಿಲೆಯಿಂದ ತೀರಿಕೊಂಡರು. ಸುದ್ದಿ ತಿಳಿದು ಮನೆಗೆ ಹೋದೆ. ಏನೂ ಅನಿಸುತ್ತಿರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಳಿತೆ. ಯಜಮಾನರು ಚಹಾ ತಂದಿಟ್ಟರು.

"ಅವತ್ತಿನ ಮ್ಯಾಲೆ ಆಕಿ ಮತ್ತ ಕಾಡಿಗೆ ಹೋಗ್ಲೇ ಇಲ್ಲವಾ," ಎಂದರು. "ನಿದ್ದ್ಯಾಗ ಬೆಚ್ಚಿ ಬಿದ್ದು ಏಳ್ತಿದ್ಲು. ಅಷ್ಟ್ ಅಂಜಿಕಿ ಇದ್ರೂ ಹೆಂಗ ಇದ್ದಿ ಅಲ್ಲೆ ಅಂತ ಕೇಳಿದ್ರ, 'ಹುಡಿಗಿ ನನ್ನ ಮಾರೀನ ನೋಡ್ತಿತ್ತಲ್ರೀ' ಅಂತಿದ್ಲು."

ಆ ರಾತ್ರಿ ನಾನು ನೋಡಿದ ಮುಖದಲ್ಲಿ ಅಂಜಿಕೆ ಕಂಡಿರಲಿಲ್ಲ. ಚಹಾ ಆರಿ ಕೆನೆಗಟ್ಟಿತ್ತು, ಹಾಗೇ ಕುಡಿದೆ. ಹೊರಗೆ ಬಂದು ಆಟೋ ಹತ್ತಿದೆ. ಅವರು ಉಳಿಸಿಕೊಟ್ಟ ಜೀವ ಇದು. ಅಳು ಮಾತ್ರ ಇವತ್ತಿಗೂ ಬಂದಿಲ್ಲ.